ನಮ್ಮ ಕಡೆ ಕುಡಿತ ಬಿಟ್ಟವರ ಸಂಘ ಎಲ್ಲಿದೆ, ಹೇಗೆ ಹುಡುಕಲಿ?

ಪ್ರಶ್ನೆ: ಮೇಡಂ, ನಮಸ್ಕಾರ. ನಮ್ಮದು ಹಾಸನ ಜಿಲ್ಲೆಯ ಒಂದು ಹಳ್ಳಿ. ನನಗೆ 39 ವರ್ಷ, ಊರಿನ ಹಾಲಿನ ಡೇರಿಯಲ್ಲಿ ಸೆಕ್ರೆಟರಿ ಆಗಿದ್ದೇನೆ. ಹದಿನಾಲ್ಕು ವರ್ಷದಿಂದ ಕುಡಿಯುತ್ತಿದ್ದೆ. ಹೋದ ತಿಂಗಳು ಕೈಕಾಲು ನಡುಕ ಜಾಸ್ತಿಯಾಗಿ ಆಸ್ಪತ್ರೆಗೆ ಸೇರಿಸಿದರು. ಈಗ ಬಿಟ್ಟು 23 ದಿನ. ಡಿಸ್ಚಾರ್ಜ್ ಮಾಡುವಾಗ ಡಾಕ್ಟರು "ಮಾತ್ರೆ ಜೊತೆಗೆ ಒಂದು ಸಪೋರ್ಟ್ ಗ್ರೂಪಿಗೆ ಸೇರಿಕೊಳ್ಳಿ" ಅಂದರು. ಎಲ್ಲಿದೆ ಅಂತ ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ. ನಾಲ್ಕು ವರ್ಷದ ಹಿಂದೆ ಧರ್ಮಸ್ಥಳ ಯೋಜನೆಯ ಮದ್ಯವರ್ಜನ ಶಿಬಿರಕ್ಕೆ ಹೋಗಿ ಐದು ತಿಂಗಳು ಬಿಟ್ಟಿದ್ದೆ. ಆಮೇಲೆ ಒಂದು ಬೀಗರೂಟದಲ್ಲಿ ಮತ್ತೆ ಶುರುವಾಯಿತು. ಈಗ ಅವರಿಗೆ ಮುಖ ತೋರಿಸೋಕೆ ನಾಚಿಕೆ. ಎ.ಎ. ಅಂತ ಒಂದಿದೆ, ಅದು ಚರ್ಚಿನವರದ್ದು ಅಂತ ಒಬ್ಬರು ಹೇಳಿದರು. ನಮ್ಮ ಕಡೆ ಎಲ್ಲರಿಗೂ ಎಲ್ಲರೂ ಗೊತ್ತು, ಗುಟ್ಟು ಉಳಿಯಲ್ಲ. ಬೆಳಿಗ್ಗೆ ಸಂಜೆ ಎರಡೂ ಹೊತ್ತು ಡೇರಿ ಬಿಟ್ಟು ಬರೋಕಾಗಲ್ಲ. ಮನೆಯವಳು "ನಾನೂ ಬರ್ತೀನಿ" ಅಂತಾಳೆ. ದಾರಿ ಹೇಳಿ.

ಉತ್ತರ: ನಿಮ್ಮ ಪತ್ರದಲ್ಲಿ "ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ" ಎಂಬ ಸಾಲನ್ನು ನಾನು ಎರಡು ಸಲ ಓದಿದೆ. ವ್ಯಸನ ಚಿಕಿತ್ಸೆಯ ವಾರ್ಡುಗಳಲ್ಲಿ ಸಮಾಜ ಕಾರ್ಯಕರ್ತೆಯಾಗಿ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ದುಡಿದಿದ್ದೇನೆ. ಎಷ್ಟೋ ಜನ ನಮ್ಮ ಕೈ ತಪ್ಪಿ ಹೋದದ್ದು ಆಸ್ಪತ್ರೆಯ ಗೇಟಿಗೂ ಸಂಘದ ಬಾಗಿಲಿಗೂ ನಡುವೆ ಇರುವ ಆ ಸಣ್ಣ ಜಾಗದಲ್ಲೇ. ನೀವು ಅಲ್ಲೇ ನಿಂತು ಪತ್ರ ಬರೆದಿದ್ದೀರಿ. ಅದಕ್ಕೇ ತಡಮಾಡದೆ ಉತ್ತರಿಸುತ್ತಿದ್ದೇನೆ.

ಮೊದಲು ನನ್ನದೇ ಒಂದು ತಪ್ಪಿನ ಕಥೆ ಹೇಳಿಬಿಡುತ್ತೇನೆ, ನಿಮ್ಮ ಪ್ರಶ್ನೆಗೆ ಅದರಲ್ಲೇ ಅರ್ಧ ಉತ್ತರ ಇದೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ, ಮನೆಗೆ ಹೊರಟವರ ಕೈಗೆ ನಾನು ಒಂದು ಚೀಟಿ ಕೊಡುತ್ತಿದ್ದೆ. ಯಾವ ಊರಿನಲ್ಲಿ ಯಾವ ವಾರ ಎಷ್ಟು ಗಂಟೆಗೆ ಸಭೆ ಎಂಬುದನ್ನೆಲ್ಲ ಚೆಂದವಾಗಿ ಬರೆದ ಚೀಟಿ. ಅವರು ಅದನ್ನು ಮಡಚಿ ಜೇಬಿಗೆ ಹಾಕಿಕೊಂಡು ಕೈಮುಗಿದು ಹೋಗುತ್ತಿದ್ದರು. ಮುಂದಿನ ತಿಂಗಳು ಬಂದಾಗ ಕೇಳಿದರೆ "ಹೋಗಬೇಕು ಮೇಡಂ" ಎಂಬ ಉತ್ತರ. ಬಹಳ ದಿನ ಇದು ಅವರ ಸೋಮಾರಿತನ ಅಂದುಕೊಂಡಿದ್ದೆ. ಕೊನೆಗೊಮ್ಮೆ ಗಾರೆ ಕೆಲಸದವರೊಬ್ಬರು ಹೇಳಿದರು: "ಅಡ್ರೆಸ್ ಇದೆ ಮೇಡಂ. ಆದರೆ ಬಾಗಿಲ ಹತ್ತಿರ ಹೋಗಿ ಯಾರನ್ನ ಏನಂತ ಕೇಳೋದು? ಕುಡುಕರ ಮೀಟಿಂಗ್ ಇದೇನಾ ಅಂತಲಾ?" ಅವತ್ತಿನಿಂದ ಚೀಟಿ ಕೊಡುವುದನ್ನು ಬಿಟ್ಟೆ. ಡಿಸ್ಚಾರ್ಜ್‌ಗೆ ಮುಂಚೆ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಕುಡಿತ ಬಿಟ್ಟು ಕೆಲವು ವರ್ಷವಾದ ಒಬ್ಬರಿಗೆ ನಾನೇ ಫೋನ್ ಹಚ್ಚಿ, ಫೋನನ್ನು ಇವರ ಕೈಗೆ ಕೊಡುತ್ತಿದ್ದೆ. "ಭಾನುವಾರ ಬಸ್‌ಸ್ಟ್ಯಾಂಡಿಗೆ ಬನ್ನಿ ಅಣ್ಣ, ನಾನು ಅಲ್ಲೇ ಇರ್ತೀನಿ" ಎಂದು ಆ ಕಡೆಯವರು ಅಂದರೆ ನನ್ನ ಕೆಲಸ ಮುಗಿದ ಹಾಗೆ. ಅವರು ಹೋಗುತ್ತಿದ್ದರು.

ಇದನ್ನು ಅಮೆರಿಕದಲ್ಲಿ 1981ರಷ್ಟು ಹಿಂದೆಯೇ ಒಂದು ಸಣ್ಣ ಅಧ್ಯಯನ ತೋರಿಸಿತ್ತು ಎಂದು ನನಗೆ ತಿಳಿದದ್ದು ಆಮೇಲೆ. ಅದರಲ್ಲಿ ಇದ್ದವರು 20 ಜನ. ಅರ್ಧ ಜನಕ್ಕೆ ಸಭೆಯ ಜಾಗ, ಸಮಯ ಹೇಳಿ, ಹೋಗಿ ಎಂದು ಸಲಹೆ ಕೊಟ್ಟು ಕಳಿಸಿದರು. ಉಳಿದ ಅರ್ಧಕ್ಕೆ ಅಲ್ಲೇ ಕೂತಿದ್ದಾಗ ಹಳೆಯ ಸದಸ್ಯರೊಬ್ಬರ ಜೊತೆ ಫೋನಿನಲ್ಲಿ ಮಾತಾಡಿಸಿದರು, ಆ ಸದಸ್ಯರು ಜೊತೆಯಲ್ಲಿ ಕರೆದುಕೊಂಡು ಹೋಗುವುದಾಗಿ ಹೇಳಿದರು. ಎರಡನೇ ಗುಂಪಿನಲ್ಲಿ ಎಲ್ಲರೂ ಸಭೆಗೆ ಹೋದರು. ಮೊದಲ ಗುಂಪಿನಲ್ಲಿ ಒಬ್ಬರೂ ಹೋಗಲಿಲ್ಲ.

ಹಾಗಾಗಿ ನೀವು ವಿಳಾಸ ಹುಡುಕುತ್ತಾ ಕೂರಬೇಡಿ. ಒಬ್ಬ ಮನುಷ್ಯನನ್ನು ಹುಡುಕಿ. ನಿಮ್ಮ ಹಾಗೇ ಕುಡಿದು, ಬಿಟ್ಟು, ಈಗ ಒಂದೆರಡು ವರ್ಷ ನೆಟ್ಟಗೆ ನಿಂತಿರುವ ಒಬ್ಬರು ಸಾಕು. ಅವರು ಸಿಕ್ಕರೆ ಸಂಘ ತಾನಾಗಿ ಸಿಗುತ್ತದೆ.

ಅವರನ್ನು ಹುಡುಕಲು ನಿಮಗೆ ಎಲ್ಲಕ್ಕಿಂತ ಹತ್ತಿರದ ದಾರಿ, ನೀವು ನಾಚಿಕೆಪಟ್ಟು ದೂರ ಇಟ್ಟಿರುವ ಆ ಶಿಬಿರದವರೇ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆಯವರು ಊರೂರಲ್ಲಿ ಕಲ್ಯಾಣ ಮಂಟಪದಲ್ಲೋ ಸಮುದಾಯ ಭವನದಲ್ಲೋ ನಡೆಸುವ ಶಿಬಿರ ಎಂಟು ದಿನಕ್ಕೆ ಮುಗಿಯುವಂಥದ್ದು ಎಂದು ಜನ ತಿಳಿದುಕೊಂಡಿದ್ದಾರೆ. ಆ ದಿನಗಳು ಬರೀ ಆರಂಭ. ಶಿಬಿರದಿಂದ ಹೊರಬಂದವರಿಗಾಗಿ ನವಜೀವನ ಸಮಿತಿ ಅಂತ ಮಾಡುತ್ತಾರೆ. ಕುಡಿತ ಬಿಟ್ಟವರು ಆಗಾಗ ಸೇರಿ, ಒಬ್ಬರನ್ನೊಬ್ಬರು ವಿಚಾರಿಸಿಕೊಳ್ಳುವ ಗುಂಪು ಅದು. ಡಾಕ್ಟರು ಇಂಗ್ಲಿಷಿನಲ್ಲಿ ಸಪೋರ್ಟ್ ಗ್ರೂಪ್ ಎಂದದ್ದು ಇಂಥದ್ದಕ್ಕೇ. ಅದು ನಾಲ್ಕು ವರ್ಷದಿಂದ ನಿಮ್ಮ ಮಗ್ಗುಲಲ್ಲೇ ಇದ್ದಿರಬಹುದು.

ಮುಖ ತೋರಿಸುವುದು ಹೇಗೆ ಎನ್ನುತ್ತೀರಿ. ಐದು ತಿಂಗಳು ಬಿಟ್ಟಿದ್ದವರು ಬೀಗರೂಟದಲ್ಲಿ ಜಾರಿದಿರಿ. ಬೀಗರೂಟ, ಹೊಸತೊಡಕು, ಜಾತ್ರೆ ಮಾರನೇ ದಿನದ ಬಾಡೂಟ, ನಮ್ಮ ಹಳೇ ಮೈಸೂರು ಸೀಮೆಯಲ್ಲಿ ಬಿಟ್ಟವರು ಜಾರುವುದು ಬಹುಪಾಲು ಇಂಥ ಎಲೆ ಮುಂದೆಯೇ. ಸಮಿತಿಯಲ್ಲಿ ಕೂತಿರುವವರಿಗೆ ಇದು ಚೆನ್ನಾಗಿ ಗೊತ್ತು, ಅವರಲ್ಲೂ ಜಾರಿ ಎದ್ದವರಿದ್ದಾರೆ. ಕುಡಿತದ ಕಾಯಿಲೆಯಲ್ಲಿ ಮರುಕಳಿಸುವುದು ಸಾಮಾನ್ಯ. ಸಕ್ಕರೆ ಕಾಯಿಲೆಯವರಿಗೆ ಒಂದು ತಿಂಗಳು ಶುಗರ್ ಏರಿದರೆ ಡಾಕ್ಟರ ಹತ್ತಿರ ಹೋಗಲು ನಾಚಿಕೆ ಪಡುತ್ತಾರೆಯೇ? ಶಿಬಿರದಲ್ಲಿ ನಿಮ್ಮ ಜೊತೆ ಮಲಗಿದ್ದವರಲ್ಲಿ ಈಗಲೂ ಬಿಟ್ಟೇ ಇರುವವರು ಒಬ್ಬರಾದರೂ ನೆನಪಿದ್ದಾರಾ ನೋಡಿ. ಇದ್ದರೆ ನೇರ ಅವರಿಗೇ ಫೋನ್ ಮಾಡಿ. ಇಲ್ಲವಾದರೆ ನಿಮ್ಮೂರಿನ ಸ್ವಸಹಾಯ ಸಂಘದ ಸೇವಾ ಪ್ರತಿನಿಧಿಯನ್ನೋ ತಾಲ್ಲೂಕಿನ ಯೋಜನಾ ಕಚೇರಿಯನ್ನೋ ಕೇಳಿದರೆ ಸಮಿತಿ ಎಲ್ಲಿ ಸೇರುತ್ತದೆ ಎಂದು ಹೇಳುತ್ತಾರೆ. ನಿಮ್ಮ ಊರಿನದ್ದೇ ಬೇಡ ಅನ್ನಿಸಿದರೆ ಪಕ್ಕದ ಹೋಬಳಿಯದ್ದನ್ನು ಕೇಳಿ.

ಎರಡನೆಯ ದಾರಿ ಸರ್ಕಾರಿ ಆಸ್ಪತ್ರೆ. ಕರ್ನಾಟಕದಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಅಡಿಯಲ್ಲಿ ಮನೋಚೈತನ್ಯ ಅಂತ ಒಂದಿದೆ. ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರದ ದಿನ ಮನೋವೈದ್ಯರು ಬಂದು ನೋಡುವ ವ್ಯವಸ್ಥೆ ಅದು. ದಿನ ಕೆಲವು ಕಡೆ ಬದಲಾಗಬಹುದು, ಆಸ್ಪತ್ರೆಗೆ ಒಮ್ಮೆ ಕೇಳಿಕೊಂಡು ಹೋಗಿ. ಜಿಲ್ಲಾ ತಂಡದಲ್ಲಿ ಡಾಕ್ಟರ ಜೊತೆ ಆಪ್ತ ಸಮಾಲೋಚಕರು, ಸಮಾಜ ಕಾರ್ಯಕರ್ತರು ಕೂಡ ಇರುತ್ತಾರೆ. ಡಾಕ್ಟರ ಮುಂದೆ ಸರದಿಯಲ್ಲಿ ಐದು ನಿಮಿಷ ಸಿಕ್ಕರೆ ಹೆಚ್ಚು, ಆದ್ದರಿಂದ ನೀವು ಕೇಳಬೇಕಾದ್ದು ಆ ಸಮಾಜ ಕಾರ್ಯಕರ್ತರನ್ನು. ಹೀಗೆ ಕೇಳಿ: "ನಾನು ಬಿಟ್ಟು ಇಷ್ಟು ದಿನ ಆಯಿತು. ಈ ಕಡೆ ಬಿಟ್ಟು ವರ್ಷ ಆದವರು ಯಾರಾದರೂ ನಿಮಗೆ ಗೊತ್ತಾ? ಅವರು ಒಪ್ಪಿದರೆ ನನ್ನ ನಂಬರ್ ಅವರಿಗೆ ಕೊಡಿ." ಅವರ ನಂಬರ್ ನಿಮಗೆ ಕೊಡಿ ಎಂದು ಕೇಳಬೇಡಿ, ಅವರಿಗೂ ಗುಟ್ಟಿನ ಹಕ್ಕಿದೆ. ಹಾಸನಕ್ಕೇ ಹೋಗುವುದಾದರೆ ಶ್ರೀ ಚಾಮರಾಜೇಂದ್ರ ಆಸ್ಪತ್ರೆ, ಅಂದರೆ ಈಗಿನ ಮೆಡಿಕಲ್ ಕಾಲೇಜಿನ ಆಸ್ಪತ್ರೆಯ ಮನೋವೈದ್ಯ ವಿಭಾಗದಲ್ಲಿ ಇದೇ ಪ್ರಶ್ನೆ ಕೇಳಬಹುದು.

ಮನೆಯಿಂದ ಹೊರಡುವ ಮುಂಚೆ ಕೂತಲ್ಲೇ ಮಾಡಬಹುದಾದ ಎರಡು ಫೋನುಗಳಿವೆ, ಎರಡಕ್ಕೂ ದುಡ್ಡಿಲ್ಲ. 14416 ಟೆಲಿ-ಮಾನಸ್, 2022ರ ಅಕ್ಟೋಬರ್‌ನಿಂದ ನಡೆಯುತ್ತಿರುವ ಸರ್ಕಾರದ ಸಹಾಯವಾಣಿ, ಕನ್ನಡದಲ್ಲೇ ಮಾತಾಡಬಹುದು. 14446 ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯದ ವ್ಯಸನಮುಕ್ತಿ ಸಹಾಯವಾಣಿ. ಮಧ್ಯರಾತ್ರಿ ನಿದ್ದೆ ಬಾರದೆ "ಒಂದು ಕ್ವಾರ್ಟರ್ ಇದ್ದಿದ್ರೆ" ಎಂದು ಮನಸ್ಸು ಎಳೆದಾಗಲೂ ಟೆಲಿ-ಮಾನಸ್‌ಗೆ ಮಾಡಬಹುದು. ಬದುಕೇ ಬೇಡ ಅನ್ನಿಸಿದರಂತೂ ಒಂದು ನಿಮಿಷ ಕಾಯದೆ ಮಾಡಿ, ಮನೆಯವರನ್ನೂ ಎಬ್ಬಿಸಿ. ಬಿಟ್ಟ ಮೊದಲ ತಿಂಗಳುಗಳಲ್ಲಿ ಅಂಥ ಯೋಚನೆ ಎಷ್ಟೋ ಜನಕ್ಕೆ ಬರುತ್ತದೆ, ಯಾರೂ ಹೇಳಿಕೊಳ್ಳುವುದಿಲ್ಲ.

ಇನ್ನು ಎ.ಎ. ವಿಷಯ. ಆಲ್ಕೊಹಾಲಿಕ್ಸ್ ಅನಾನಿಮಸ್ ಎಂಬುದು ಅದರ ಪೂರ್ತಿ ಹೆಸರು, ಹೆಸರು ಹೇಳಿಕೊಳ್ಳದ ಕುಡುಕರ ಕೂಟ ಎನ್ನಬಹುದು. ಅದು ಹುಟ್ಟಿದ ಬಗೆಯನ್ನು ನಿಮಗೆ ಹೇಳಲೇಬೇಕು, ಯಾಕೆಂದರೆ ಅದು ಹುಟ್ಟಿದ್ದೇ ನಿಮ್ಮ ಹಾಗೆ ಒಬ್ಬರು ಇನ್ನೊಬ್ಬರನ್ನು ಹುಡುಕಿದ್ದರಿಂದ. 1935ರ ಮೇ ತಿಂಗಳು, ಅಮೆರಿಕದ ಆಕ್ರನ್ ಎಂಬ ಊರು. ಬಿಲ್ ವಿಲ್ಸನ್ ಅಂತ ನ್ಯೂಯಾರ್ಕಿನ ಷೇರು ವ್ಯವಹಾರದ ಮನುಷ್ಯ, ಬಿಟ್ಟು ಐದು ತಿಂಗಳಾಗಿತ್ತು. ವ್ಯಾಪಾರಕ್ಕೆ ಬಂದದ್ದು ಮುರಿದುಬಿತ್ತು. ಪರಊರು, ಖಾಲಿ ಜೇಬು, ಹೋಟೆಲಿನ ಪಡಸಾಲೆಯ ಒಂದು ಪಕ್ಕದಲ್ಲಿ ಬಾರಿನ ನಗು ಗದ್ದಲ, ಇನ್ನೊಂದು ಪಕ್ಕದಲ್ಲಿ ಟೆಲಿಫೋನು, ಅಲ್ಲಿ ಊರಿನ ಚರ್ಚುಗಳ ಪಟ್ಟಿ. ಅವನು ಟೆಲಿಫೋನಿನ ಕಡೆ ಹೋದ. ಒಬ್ಬರಾದ ಮೇಲೆ ಒಬ್ಬರಿಗೆ ಫೋನ್ ಮಾಡಿ, ಈ ಊರಿನಲ್ಲಿ ನನ್ನಂಥ ಕುಡುಕ ಯಾರಾದರೂ ಇದ್ದಾರಾ, ಅವರ ಜೊತೆ ಮಾತಾಡಬೇಕು ಎಂದು ಕೇಳುತ್ತಾ ಹೋದ. ಕೊನೆಗೆ ಒಬ್ಬ ಹೆಂಗಸು, ಕುಡಿತದಿಂದ ವೃತ್ತಿಯನ್ನೇ ಕಳೆದುಕೊಳ್ಳುವ ಹಂತಕ್ಕೆ ಬಂದಿದ್ದ ಡಾಕ್ಟರ್ ಬಾಬ್ ಸ್ಮಿತ್ ಎಂಬ ಸರ್ಜನ್‌ನನ್ನು ಭೇಟಿ ಮಾಡಿಸಿದರು. ಹದಿನೈದು ನಿಮಿಷ ಮಾತ್ರ ಎಂದು ಷರತ್ತು ಹಾಕಿ ಬಂದ ಡಾಕ್ಟರು ರಾತ್ರಿ ಹನ್ನೊಂದರವರೆಗೆ ಕೂತರು. ಅವರಿಗೆ ಉಪದೇಶ ಮಾಡಿದವರು ಎಷ್ಟೋ ಜನ ಇದ್ದರು, ತನ್ನದೇ ಕಥೆ ಹೇಳಿದವನು ಇವನೊಬ್ಬನೇ. ಡಾಕ್ಟರು ಕೊನೆಯದಾಗಿ ಕುಡಿದದ್ದು ಜೂನ್ 10ರಂದು, ಎ.ಎ. ತನ್ನ ಹುಟ್ಟಿದ ದಿನ ಎಂದು ಲೆಕ್ಕ ಇಡುವುದು ಅದನ್ನೇ. ಎರಡೇ ಜನ, ಒಂದು ಕೋಣೆ. ಭಾರತಕ್ಕೆ ಅದು 1957ರಲ್ಲಿ ಬಂತು.

ಚರ್ಚಿನವರದ್ದಾ ಎಂಬುದಕ್ಕೆ ಉತ್ತರ: ಅಲ್ಲ. ಆ ಮಾತು ಹುಟ್ಟಲು ಕಾರಣ ಇದೆ. ಶುರು ಮಾಡಿದವರು ಒಂದು ಕ್ರೈಸ್ತ ಸತ್ಸಂಗದ ಗುಂಪಿನಿಂದ ಬಂದವರು, ಎ.ಎ.ಯ ಹನ್ನೆರಡು ಹೆಜ್ಜೆಗಳಲ್ಲಿ ದೇವರ ಮಾತು ಬರುತ್ತದೆ, ನಮ್ಮ ಊರುಗಳಲ್ಲೂ ಎಷ್ಟೋ ಸಭೆಗಳು ಚರ್ಚಿನ ಹಾಲಿನಲ್ಲೋ ಮಿಷನ್ ಶಾಲೆಯ ಕೋಣೆಯಲ್ಲೋ ನಡೆಯುತ್ತವೆ. ಜಾಗ ಸುಲಭಕ್ಕೆ ಸಿಗುವುದು ಅಲ್ಲಿ, ಅಷ್ಟೆ. ಹೆಜ್ಜೆಗಳಲ್ಲಿ ಬರೆದಿರುವುದು "ನಾವು ಅರಿತಂತೆ ದೇವರು" ಎಂದು. ನಿಮ್ಮ ಮನೆದೇವರನ್ನು ನೆನೆದುಕೊಂಡು ಕೂರಬಹುದು, ದೇವರೇ ಇಲ್ಲ ಎನ್ನುವವರೂ ಕೂರಬಹುದು. ಸದಸ್ಯನಾಗಲು ಒಂದೇ ಅರ್ಹತೆ, ಕುಡಿತ ನಿಲ್ಲಿಸಬೇಕೆಂಬ ಆಸೆ. ಶುಲ್ಕ ಇಲ್ಲ, ರಿಜಿಸ್ಟರ್ ಇಲ್ಲ, ಜಾತಿ ಕೇಳುವುದಿಲ್ಲ. ಕೊನೆಯಲ್ಲಿ ಒಂದು ಚೀಲವೋ ಡಬ್ಬವೋ ಸುತ್ತು ಬರುತ್ತದೆ, ಬಾಡಿಗೆಗೆ, ಟೀಗೆ ಅಂತ. ಹೊಸಬರು ಹಾಕದಿದ್ದರೂ ಯಾರೂ ಏನೂ ಅನ್ನುವುದಿಲ್ಲ.

ಅದು ಕೆಲಸ ಮಾಡುತ್ತದಾ ಎಂದು ನೀವು ಕೇಳಿಲ್ಲ, ಆದರೆ ಹೇಳುತ್ತೇನೆ. 2020ರಲ್ಲಿ 27 ಅಧ್ಯಯನಗಳನ್ನು, ಅಂದರೆ ಹತ್ತು ಸಾವಿರಕ್ಕೂ ಹೆಚ್ಚು ಜನರ ಲೆಕ್ಕವನ್ನು, ಒಟ್ಟಿಗೆ ಇಟ್ಟು ನೋಡಿದ ಒಂದು ದೊಡ್ಡ ಪರಿಶೀಲನೆ ಬಂತು. ಜನರನ್ನು ಎ.ಎ.ಗೆ ಕ್ರಮವಾಗಿ ಜೋಡಿಸಿಕೊಡುವ ಚಿಕಿತ್ಸೆ, ಕುಡಿಯದೇ ಉಳಿಯುವ ವಿಷಯದಲ್ಲಿ ಬೇರೆ ಮನಶ್ಶಾಸ್ತ್ರೀಯ ಚಿಕಿತ್ಸೆಗಳಿಗೆ ಕಡಿಮೆಯಿಲ್ಲ, ಕೆಲವು ಕಡೆ ಮೇಲು ಎಂದು ಅದು ಹೇಳಿತು. ಹಾಗಂತ ಎ.ಎ. ಎಲ್ಲರಿಗೂ ಒಗ್ಗುತ್ತದೆ ಎಂದು ನಾನು ಹೇಳುವುದಿಲ್ಲ. ಕೆಲವರಿಗೆ ನವಜೀವನ ಸಮಿತಿಯ ಭಜನೆ, ಆರತಿ, ಊರವರ ಸಾಕ್ಷಿ ಹಿಡಿಸುತ್ತದೆ. ಇನ್ನು ಕೆಲವರಿಗೆ ಹೆಸರಿಲ್ಲದೆ ಮೂಲೆಯಲ್ಲಿ ಕೂತು ಕೇಳುವ ಎ.ಎ. ಹಿಡಿಸುತ್ತದೆ. ಎರಡಕ್ಕೂ ಹೋಗುವವರನ್ನೂ ಕಂಡಿದ್ದೇನೆ.

ಬೆಂಗಳೂರು, ಮೈಸೂರು, ಮಂಗಳೂರುಗಳಲ್ಲಿ ಎ.ಎ. ಸಭೆಗಳು ಬಹಳ ವರ್ಷದಿಂದ ಇವೆ. ಕನ್ನಡದಲ್ಲಿ ನಡೆಯುವುದು ಯಾವುದು ಎಂದು ಕೇಳಿಯೇ ಹೋಗಿ. ಅವರದೇ ಫೋನ್ ಸಹಾಯವಾಣಿಗಳಿವೆ, ಎ.ಎ. ಇಂಡಿಯಾ ಎಂದು ಮೊಬೈಲಿನಲ್ಲಿ ಹುಡುಕಿದರೆ ಅವರದೇ ತಾಣ ಸಿಗುತ್ತದೆ. ಫೋನ್ ತೆಗೆಯುವವರು ಸಂಬಳದ ಗುಮಾಸ್ತರಲ್ಲ, ಅವರೂ ಕುಡಿದು ಬಿಟ್ಟವರೇ. "ಹಾಸನದ ಕಡೆಯವನು, ನನಗೆ ಹತ್ತಿರದಲ್ಲಿ ಯಾರಿದ್ದಾರೆ?" ಎಂದು ಕೇಳಿ. ಸಭೆ ಎಷ್ಟು ದೂರದಲ್ಲಿದೆ ಎಂಬುದು ಆಮೇಲಿನ ಮಾತು. ನಿಮ್ಮಿಂದ ಎಂಟು ಹತ್ತು ಮೈಲಿ ದೂರದಲ್ಲಿ ಒಬ್ಬ ಸದಸ್ಯ ಇದ್ದರೂ ನಿಮಗೆ ಅವರೊಬ್ಬರೇ ಸದ್ಯಕ್ಕೆ ಸಂಘ.

ಗುಟ್ಟಿನ ಬಗ್ಗೆ ನಿಮ್ಮ ಭಯ ಸುಳ್ಳಲ್ಲ. ಆದರೂ ಒಂದು ಮಾತು ಕೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಹದಿನಾಲ್ಕು ವರ್ಷ ಕುಡಿದದ್ದು ಊರಿನಲ್ಲಿ ಯಾರಿಗೆ ಗೊತ್ತಿಲ್ಲ? ಹಾಲು ಅಳೆಯುವಾಗ ಕೈ ನಡುಗಿದ್ದನ್ನು ಕಂಡವರಿಗೆ ನೀವು ಬಿಟ್ಟದ್ದು ಗೊತ್ತಾದರೆ ಕಳೆದುಹೋಗುವುದು ಏನೂ ಇಲ್ಲ. ಹಾಗಿದ್ದೂ ಸಭೆಯೊಳಗೆ ಆಡಿದ ಮಾತು ಹೊರಗೆ ಹೋಗಬಾರದು, ಅದು ಬೇರೆಯೇ ವಿಷಯ. ನೀವು ಹೆಂಡತಿಗೆ ಹೊಡೆದದ್ದೋ ಡೇರಿ ದುಡ್ಡು ಮುಟ್ಟಿದ್ದೋ ಏನಾದರೂ ಇದ್ದರೆ ಅದನ್ನು ಹೇಳಿಕೊಳ್ಳಲು ಭದ್ರವಾದ ಜಾಗ ಬೇಕು. ಎ.ಎ.ಯಲ್ಲಿ ಎರಡು ಬಗೆಯ ಸಭೆ ಇರುತ್ತವೆ. ಓಪನ್ ಮೀಟಿಂಗಿಗೆ ಯಾರು ಬೇಕಾದರೂ ಬರಬಹುದು, ಕ್ಲೋಸ್ಡ್ ಮೀಟಿಂಗಿಗೆ ಕುಡಿತದ ತೊಂದರೆ ಇರುವವರು ಮಾತ್ರ. ಇಲ್ಲಿ ನೋಡಿದ್ದು, ಇಲ್ಲಿ ಕೇಳಿದ್ದು ಇಲ್ಲೇ ಬಿಟ್ಟು ಹೋಗಬೇಕು ಎಂಬುದು ಅಲ್ಲಿನ ಕಟ್ಟುಪಾಡು. ಯಾವುದೇ ಗುಂಪಿನಲ್ಲಿ ನಿಮ್ಮ ಫೋಟೋ ತೆಗೆದು ಫೇಸ್‌ಬುಕ್ಕಿಗೆ, ವಾಟ್ಸಾಪ್ ಸ್ಟೇಟಸ್ಸಿಗೆ ಹಾಕುವ ರೂಢಿ ಕಂಡರೆ ಮೊದಲ ದಿನವೇ "ನನ್ನದು ಬೇಡ" ಎಂದು ಹೇಳಿ. ಹೇಳಲು ನಿಮಗೆ ಪೂರ್ತಿ ಹಕ್ಕಿದೆ. ಮೊದಲ ದಿನ ಮಾತಾಡಲೇಬೇಕೆಂದಿಲ್ಲ. ಸರದಿ ಬಂದಾಗ "ಇವತ್ತು ಕೇಳ್ತೀನಿ" ಅಂದರೆ ಮುಂದಿನವರು ಶುರು ಮಾಡುತ್ತಾರೆ.

ಡೇರಿಯ ಹೊತ್ತಿನ ತೊಂದರೆಗೆ ಬರೋಣ. ಊರಿನ ಸಭೆಗಳು ಹೆಚ್ಚಾಗಿ ಸಂಜೆ, ನಿಮಗೆ ಆಗ ಹಾಲು. ಬೆಳಿಗ್ಗೆ ಹಾಲು ಮುಗಿದ ಮೇಲೆ ಸಂಜೆಯವರೆಗೆ ನಿಮಗೆ ಐದಾರು ಗಂಟೆ ಬಿಡುವು ಇರುತ್ತದೆ, ಹಿಂದೆ ಆ ಬಿಡುವೇ ಬಾರಿಗೆ ಹೋಗುವ ಹೊತ್ತಾಗಿತ್ತು ಅಂತ ನನ್ನ ಊಹೆ. 2020ರ ಲಾಕ್‌ಡೌನ್‌ನಲ್ಲಿ ಸಭೆಗಳು ಜೂಮಿಗೆ ಹೋದವು, ಆಮೇಲೂ ಎಷ್ಟೋ ಹಾಗೇ ಮುಂದುವರಿದಿವೆ. ಇಯರ್‌ಫೋನ್ ಹಾಕಿಕೊಂಡು ತೋಟದಲ್ಲಿ ಕೂತು ಕೇಳಬಹುದು, ಕ್ಯಾಮೆರಾ ಆಫ್ ಮಾಡಬಹುದು, ಹೆಸರಿನ ಜಾಗದಲ್ಲಿ ಮೊದಲ ಹೆಸರು ಮಾತ್ರ ಹಾಕಬಹುದು. ಹಗಲಿನಲ್ಲಿ ನಡೆಯುವವು, ರಾತ್ರಿ ಎಂಟೂವರೆ ಮೇಲೆ ನಡೆಯುವವು ಯಾವುವು ಎಂದು ಸಹಾಯವಾಣಿಯವರನ್ನೇ ಕೇಳಿ. ಆದರೆ ನನ್ನ ಅನುಭವದಲ್ಲಿ ಪರದೆಯ ಮೇಲಿನ ಸಭೆಯೊಂದನ್ನೇ ನಂಬಿ ನಿಂತವರು ಕಡಿಮೆ. ಮೊಬೈಲನ್ನು ಮುಚ್ಚಿಬಿಟ್ಟರೆ ಮುಗಿಯಿತು, ಯಾರೂ ಹುಡುಕಿಕೊಂಡು ಬರುವುದಿಲ್ಲ. ತಿಂಗಳಿಗೆ ಎರಡು ಸಲವಾದರೂ ಒಬ್ಬರ ಎದುರು ಕೂತು ಟೀ ಕುಡಿಯುವ ಏರ್ಪಾಡು ಮಾಡಿಕೊಳ್ಳಿ. ಡೇರಿಯಲ್ಲಿ ಟೆಸ್ಟರ್ ಇದ್ದರೆ ವಾರಕ್ಕೊಂದು ಸಂಜೆ ನೋಡಿಕೊಳ್ಳಲು ಕೇಳಿ. ಕುಡಿಯುವ ಕಾಲದಲ್ಲಿ ಅವರು ಎಷ್ಟು ಸಂಜೆ ನಿಮ್ಮ ಬದಲು ನಿಂತಿರಬಹುದು, ಈ ಒಂದು ಸಂಜೆಗೆ ಇಲ್ಲ ಅನ್ನಲಾರರು.

ನಿಮ್ಮ ಕೆಲಸದಲ್ಲಿ ಇನ್ನೊಂದು ಅಪಾಯದ ಹೊತ್ತಿದೆ, ನೀವು ಬರೆದಿಲ್ಲ. ಬಟವಾಡೆ ದಿನ. ಎಲ್ಲರ ಕೈಯಲ್ಲೂ ಹಾಲಿನ ದುಡ್ಡು, ಸಂಜೆ ನಾಲ್ಕು ಜನ "ಸೆಕ್ರೆಟ್ರಿ, ಬಾರಪ್ಪ" ಎನ್ನುವ ದಿನ. ಸಭೆ ಯಾವ ದಿನವೇ ಇರಲಿ, ಬಟವಾಡೆ ಸಂಜೆ ಆ ನಿಮ್ಮ ಒಬ್ಬ ಮನುಷ್ಯನಿಗೆ ಫೋನ್ ಮಾಡುವುದು ಕಡ್ಡಾಯ ಎಂದು ಈಗಲೇ ಮಾತಾಡಿಕೊಳ್ಳಿ. ಹಾಗೇ ಹೊಸತೊಡಕು, ಬೀಗರೂಟ. ಮೊದಲ ವರ್ಷ ಅವುಗಳಿಗೆ ಹೋಗದಿದ್ದರೆ ನಂಟಸ್ತನ ಮುರಿದು ಬೀಳುವುದಿಲ್ಲ. ಹೋಗಲೇಬೇಕಾದರೆ ಮನೆಯವರ ಜೊತೆ ಹೋಗಿ, ಮೊದಲ ಪಂಕ್ತಿಯಲ್ಲಿ ಉಂಡು ಎದ್ದು ಬನ್ನಿ.

ನಿಮ್ಮ ಮನೆಯವರು ಬರುತ್ತೇನೆ ಎಂದದ್ದು ಓದಿ ನನಗೆ ಸಮಾಧಾನವಾಯಿತು. ಅವರು ನಿಮ್ಮನ್ನು ಕಾಯಲು ಬರುವುದಾದರೆ ಬೇಡ, ಅವರಿಗಾಗಿ ಬರುವುದಾದರೆ ಬೇಕೇಬೇಕು. ಓಪನ್ ಮೀಟಿಂಗಿಗೆ ಇಬ್ಬರೂ ಹೋಗಬಹುದು. ಕುಡಿಯುವವರ ಮನೆಯವರಿಗಾಗಿಯೇ ಅಲ್-ಅನಾನ್ ಎಂಬ ಬೇರೆ ಕೂಟ ಇದೆ, 1951ರಲ್ಲಿ ಅದನ್ನು ಕಟ್ಟಿದವರಲ್ಲಿ ಆ ಬಿಲ್ ವಿಲ್ಸನ್ನನ ಹೆಂಡತಿ ಲೋಯಿಸ್ ಒಬ್ಬರು. ಜೇಬು ತಡಕಿ, ಬಾಯಿ ಮೂಸಿ ನೋಡಿ, ದಿಂಬಿನ ಕೆಳಗೆ ಹುಡುಕಿ ಹುಡುಕಿ ಹದಿನಾಲ್ಕು ವರ್ಷದಲ್ಲಿ ಆ ಜೀವವೂ ದಣಿದಿದೆ. ನೀವು ಬಿಟ್ಟ ತಕ್ಷಣ ಆ ಹುಡುಕಾಟ ಅವರಿಗೆ ನಿಲ್ಲುವುದಿಲ್ಲ. ಅನುಮಾನದಿಂದ ನೋಡಿದಾಗ ರೇಗಬೇಡಿ. 14416ಕ್ಕೆ ಅವರೂ ಫೋನ್ ಮಾಡಿ ತಮ್ಮ ಕಷ್ಟ ಹೇಳಿಕೊಳ್ಳಬಹುದು. ಯಾರೋ ಹೇಳಿದರೆಂದು ಊಟದಲ್ಲಿ ಬೆರೆಸುವ ಪುಡಿ, ಮಾತ್ರೆ ಅಂತ ಗುಟ್ಟಾಗಿ ಹಾಕುವುದು ಮಾತ್ರ ಬೇಡವೇ ಬೇಡ ಎಂದು ಅವರಿಗೆ ಹೇಳಿ. ಕುಡಿತ ಬಿಡಿಸಲು ಕೊಡುವ ಡೈಸಲ್ಫಿರಾಮ್ ಎಂಬ ಮಾತ್ರೆ ಒಳಗಿರುವಾಗ ಗೊತ್ತಿಲ್ಲದೆ ಕುಡಿದರೆ ರಕ್ತದೊತ್ತಡ ಕುಸಿದು ಜೀವಕ್ಕೇ ಕುತ್ತು ಬರಬಹುದು. ತೆಗೆದುಕೊಳ್ಳುವವರು ಒಪ್ಪಿ, ಡಾಕ್ಟರ ಎದುರು ಶುರು ಮಾಡುವ ಮಾತ್ರೆ ಅದು.

ಮಾತ್ರೆಯ ಮಾತು ಬಂದದ್ದಕ್ಕೆ ಹೇಳುತ್ತೇನೆ, ಸಂಘಕ್ಕೆ ಸೇರಿದರೂ ಆಸ್ಪತ್ರೆಯ ಮಾತ್ರೆ ನಿಲ್ಲಿಸಬೇಡಿ. "ಇಲ್ಲಿ ಬಂದ ಮೇಲೆ ಅದೆಲ್ಲ ಬೇಡ" ಎಂದು ಯಾವ ಗುಂಪಿನವರಾದರೂ ಹೇಳಿದರೆ ಅವರ ಮಾತು ಕೇಳಬೇಡಿ, ಅವರಿಗೆ ಆ ಅಧಿಕಾರ ಇಲ್ಲ. ಇನ್ನೂ ಒಂದು. ದೇವರು ಕಾಪಾಡಲಿ, ಅಕಸ್ಮಾತ್ ಮತ್ತೆ ಜಾರಿ ದಿನಾ ಕುಡಿಯುವ ಮಟ್ಟಕ್ಕೆ ಹೋದರೆ, ಮನೆಯಲ್ಲೇ ಥಟ್ಟನೆ ನಿಲ್ಲಿಸುವ ಹಠ ಮಾಡಬೇಡಿ. ನಿಮಗೆ ನಡುಕ ಬಂದು ಆಸ್ಪತ್ರೆ ಸೇರಿದ ಇತಿಹಾಸ ಇದೆ. ನಿಲ್ಲಿಸಿದ ಮೊದಲ ಎರಡು ದಿನದಲ್ಲಿ ಫಿಟ್ಸ್ ಬರಬಹುದು, ಎರಡರಿಂದ ನಾಲ್ಕನೇ ದಿನದ ಒಳಗೆ ಬುದ್ಧಿ ಕಲಸಿ ಇಲ್ಲದ್ದು ಕಾಣಿಸಲು ಶುರುವಾಗಬಹುದು. ಅಂಥದ್ದು ಕಂಡರೆ 108. ಅದು ಸಂಘದಲ್ಲಿ ಕೂತು ದಾಟುವ ಹೊಳೆಯಲ್ಲ, ಆಸ್ಪತ್ರೆಯಲ್ಲೇ ದಾಟಬೇಕು.

ಮೊಬೈಲಿನಲ್ಲಿ ಹುಡುಕುವಾಗ ಇನ್ನೊಂದು ಎಚ್ಚರ. ಸಪೋರ್ಟ್ ಗ್ರೂಪ್ ಎಂದು ಟೈಪ್ ಮಾಡಿದರೆ ಮೇಲೆ ಬರುವುದು ಹೆಚ್ಚಾಗಿ ರಿಹ್ಯಾಬ್ ಸೆಂಟರುಗಳ ಜಾಹೀರಾತು. ಅವುಗಳಲ್ಲಿ ಒಳ್ಳೆಯವೂ ಇವೆ. ಆದರೆ "ನಾವೇ ವ್ಯಾನ್ ತಂದು ಕರೆದುಕೊಂಡು ಹೋಗ್ತೀವಿ, ಮೂರು ತಿಂಗಳು ಮನೆಯವರು ನೋಡುವ ಹಾಗಿಲ್ಲ" ಎನ್ನುವ ಜಾಗಕ್ಕೆ ಹೋಗಬೇಡಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಕುಡಿತದಿಂದ ಬರುವ ತೊಂದರೆಗಳನ್ನೂ ಒಳಗೊಳ್ಳುತ್ತದೆ. ಅಂಥವರನ್ನು ಸೇರಿಸಿಕೊಂಡು ಚಿಕಿತ್ಸೆ ಕೊಡುವ ಕೇಂದ್ರ ನೋಂದಣಿ ಆಗಿರಬೇಕು, ಯಾರನ್ನೂ ಸರಪಳಿಯಲ್ಲಿ ಕಟ್ಟುವಂತಿಲ್ಲ. ನಿಮಗೆ ಸದ್ಯ ಕೇಂದ್ರವೇ ಬೇಕಿಲ್ಲ, ಬೇಕಾದ್ದು ಜೊತೆ. ಜೊತೆಗೆ ಯಾರೂ ದುಡ್ಡು ಕೇಳುವುದಿಲ್ಲ.

ಇಷ್ಟೆಲ್ಲ ಸುತ್ತಿದರೂ ಹತ್ತಿರದಲ್ಲಿ ಯಾವ ಸಭೆಯೂ ಇಲ್ಲ ಎಂದಾದರೆ? ಹಾಗಾಗುವ ಸಾಧ್ಯತೆ ಇದೆ. ದೆಹಲಿಯ ಏಮ್ಸ್ ನಡೆಸಿ 2019ರಲ್ಲಿ ಹೊರಬಂದ ರಾಷ್ಟ್ರೀಯ ಸಮೀಕ್ಷೆಯಲ್ಲಿ, ಕುಡಿತಕ್ಕೆ ದಾಸರಾದ 38 ಜನರಲ್ಲಿ ಒಬ್ಬರಿಗೆ ಮಾತ್ರ ಯಾವುದಾದರೂ ಒಂದು ಚಿಕಿತ್ಸೆ ಸಿಕ್ಕಿತ್ತು. ನಿಮ್ಮ ಹೋಬಳಿಯ ಲೆಕ್ಕ ಇದಕ್ಕಿಂತ ಬಹಳ ಬೇರೆ ಇರಲಾರದು. ಅಂದರೆ ನಿಮ್ಮ ಡೇರಿಗೆ ಹಾಲು ಹಾಕುವವರಲ್ಲೇ, ಬಿಡಬೇಕೆಂದು ಒಳಗೊಳಗೇ ಬೇಯುತ್ತಾ ಯಾರಲ್ಲೂ ಹೇಳಲಾಗದೆ ಇರುವವರು ಇದ್ದಾರೆ. ಎ.ಎ.ಯ ಕಟ್ಟಲೆಯಲ್ಲಿ ಕುಡಿತ ಬಿಡಲೆಂದು ಇಬ್ಬರು ಮೂವರು ಸೇರಿದರೆ ಅದೇ ಒಂದು ಗುಂಪು. ಆಕ್ರನ್‌ನಲ್ಲಿ ಇದ್ದದ್ದೂ ಇಬ್ಬರೇ. ಆದರೆ 23ನೇ ದಿನಕ್ಕೇ ನೀವು ಗುಂಪು ಕಟ್ಟಲು ಹೊರಡಬೇಡಿ. ಮೊದಲು ನಿಮಗಿಂತ ಹಳಬರೊಬ್ಬರ ಆಸರೆ ಹಿಡಿಯಿರಿ, ಮೂರು ನಾಲ್ಕು ತಿಂಗಳು ಕಳೆಯಲಿ. ಅಷ್ಟರಲ್ಲಿ ಯಾರಾದರೂ ಕ್ಯಾನು ಇಳಿಸಿ ನಿಂತು, "ಹೆಂಗ್ ಬಿಟ್ರಿ ಸೆಕ್ರೆಟ್ರಿ?" ಎಂದು ಮೆಲ್ಲಗೆ ಕೇಳುತ್ತಾರೆ. ಆಗ ನಿಮ್ಮ ಕಥೆಯನ್ನಷ್ಟೇ ಹೇಳಿ, ಬುದ್ಧಿ ಹೇಳಬೇಡಿ.

ಮೊದಲ ಸಭೆ ಚೆನ್ನಾಗಿ ಅನ್ನಿಸದಿದ್ದರೆ ಮೂರು ಸಲ ಹೋಗುವವರೆಗೆ ತೀರ್ಮಾನ ಮಾಡಬೇಡಿ. ಮೊದಲ ಸಲ ನಾಚಿಕೆಯಲ್ಲಿ ಏನೂ ಕೇಳಿಸುವುದಿಲ್ಲ, ಎರಡನೇ ಸಲ ನಾನು ಇವರಷ್ಟು ಕುಡಿದಿಲ್ಲ ಅನ್ನಿಸುತ್ತದೆ, ಮೂರನೇ ಸಲ ಯಾರೋ ನಿಮ್ಮದೇ ಮನೆಯ ಕಥೆ ಹೇಳುತ್ತಾರೆ. ಮೂರಾದ ಮೇಲೂ ಹಿಡಿಸದಿದ್ದರೆ ಬೇರೆ ಗುಂಪು ನೋಡಿ.

ಫೋನಿನಲ್ಲಿ ಏನು ಹೇಳುವುದು ಎಂಬ ಅಳುಕಿದ್ದರೆ ಇದನ್ನೇ ಬರೆದಿಟ್ಟುಕೊಂಡು ಓದಿ: "ನಮಸ್ಕಾರ, ನಾನು ಕುಡಿತ ಬಿಟ್ಟು ಇಷ್ಟು ದಿನ ಆಯಿತು. ಒಬ್ಬನೇ ನಿಲ್ಲೋಕೆ ಆಗಲ್ಲ ಅನ್ನಿಸ್ತಿದೆ. ನಿಮ್ಮಲ್ಲಿ ಯಾರಾದರೂ ನನ್ನ ಜೊತೆ ಮಾತಾಡ್ತೀರಾ?" ಮೊದಲು ಶಿಬಿರದ ಹಳೆಯ ಗೆಳೆಯನಿಗೆ, ಅವರು ಸಿಗದಿದ್ದರೆ 14416ಕ್ಕೆ, ಮಂಗಳವಾರ ಬೆಳಗಿನ ಹಾಲು ಮುಗಿಸಿ ತಾಲ್ಲೂಕು ಆಸ್ಪತ್ರೆಗೆ. ಬರುವ ಬಟವಾಡೆಗೆ ಮುಂಚೆ ಒಬ್ಬರ ನಂಬರಾದರೂ ನಿಮ್ಮ ಮೊಬೈಲಿನಲ್ಲಿ ಇರಲಿ, ಅದೇ ನಂಬರ್ ನಿಮ್ಮ ಮನೆಯವರ ಮೊಬೈಲಿನಲ್ಲೂ ಇರಲಿ.